ಹೊರಗಿನ ಬೋರ್ಡು ಕನ್ನಡ, ಒಳಗಿನ ಗೋಡೆ ಯಾರದು?

ಕನ್ನಡದ ಯುವಮಿತ್ರರೇ,

ನಿಮಗೊಂದು ಪ್ರಶ್ನೆ. ಸಿಟ್ಟಾಗಬೇಡಿ. ಎದೆ ಮುಟ್ಟಿಕೊಂಡು ಉತ್ತರ ಹೇಳಿ. ನಮ್ಮ ಊರಿನ ಚಿತ್ರಕಲಾ ಗ್ಯಾಲರಿಯೊಳಗೆ ನೀವು ಕಾಲಿಟ್ಟು ಎಷ್ಟು ದಿನವಾಯಿತು? ಎಷ್ಟು ವರ್ಷವಾಯಿತು? ಅಥವಾ ಇವತ್ತಿನವರೆಗೂ ಕಾಲಿಟ್ಟೇ ಇಲ್ಲವೋ?

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನೂರು ಸಲ ಬೈಕಿನಲ್ಲಿ ಹೋಗಿದ್ದೀರಿ. ಚಿತ್ರಕಲಾ ಪರಿಷತ್ತಿನ ಗೇಟು ನಿಮ್ಮ ಎಡಕ್ಕೋ ಬಲಕ್ಕೋ ಸರಿದುಹೋಗಿದೆ. ಕಬ್ಬನ್ ಪಾರ್ಕಿನಲ್ಲಿ ಕೂತು ಕಡಲೆಕಾಯಿ ತಿಂದಿದ್ದೀರಿ. ಅಲ್ಲೇ ಕಸ್ತೂರಬಾ ರಸ್ತೆಯಲ್ಲಿ, ಮ್ಯೂಸಿಯಂ ಪಕ್ಕದಲ್ಲಿ, ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಈ ಊರಿನಲ್ಲಿ ವಾರವಾರವೂ ಎಲ್ಲೋ ಒಂದು ಕಡೆ ಚಿತ್ರಪ್ರದರ್ಶನ ನಡೆಯುತ್ತಲೇ ಇರುತ್ತದೆ. ಬಹುತೇಕ ಪ್ರದರ್ಶನಗಳಿಗೆ ಟಿಕೆಟ್ಟಿಲ್ಲ. ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಆದರೂ ನಾವು ಒಳಗೆ ಹೋಗುವುದಿಲ್ಲ. ಯಾಕೆ?

"ಅದು ದೊಡ್ಡವರ ಜಾಗ ಅಣ್ಣಾ, ಇಂಗ್ಲಿಷ್ ಮಾತಾಡೋರ ಜಾಗ" ಎಂದು ನಮ್ಮ ಬೀದಿಯ ಹುಡುಗನೊಬ್ಬ ನನಗೆ ಹೇಳಿದ. ಈ ಹುಡುಗ ಸಾಮಾನ್ಯನಲ್ಲ. 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ಉರುಳಿದವಲ್ಲ, ಆವತ್ತು ಮುಂದಿನ ಸಾಲಿನಲ್ಲಿ ನಿಂತಿದ್ದವನು. ದೊಡ್ಡ ದೊಡ್ಡ ಮಾಲುಗಳ ಎದುರು ಎದೆ ಸೆಟೆದು ನಿಂತ ಆ ಹುಡುಗ, ಹತ್ತು ಚಿತ್ರ ನೇತುಹಾಕಿದ ಒಂದು ಕೋಣೆಯೊಳಗೆ ಹೋಗಲು ಹೆದರುತ್ತಾನೆ! ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ನಾಚಿಕೆ ಅವನಿಗಲ್ಲ, ನಮಗೆ. ಆ ಕೋಣೆ ಅವನದು ಅಂತ ಅವನಿಗೆ ಹೇಳದೆ ಬಿಟ್ಟವರಿಗೆ.

ಅಂಥವರಲ್ಲಿ ನಾನೂ ಒಬ್ಬ. ಅದಕ್ಕೇ ಈ ಲೇಖನ.

ಪ್ರೆಸ್ಸಿನವನ ಮಾತು

ನಾನು ವಿಮರ್ಶಕನಲ್ಲ, ಕಲಾವಿದನಲ್ಲ. ಪಿಯುಸಿಗೆ ಓದು ನಿಲ್ಲಿಸಿದವನು. ಚಾಮರಾಜಪೇಟೆಯ ಒಂದು ಗಲ್ಲಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದೇನೆ. ನಮ್ಮ ತಂದೆ ಮೊಳೆ ಜೋಡಿಸಿ ಟ್ರೆಡಲ್ ಮೆಷಿನ್ನಿನಲ್ಲಿ ಮದುವೆ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ನಾಟಕದ ಹ್ಯಾಂಡ್‌ಬಿಲ್ಲು ಹೊಡೆಯುತ್ತಿದ್ದರು. ಒತ್ತಕ್ಷರದ ಮೊಳೆ ಸಿಗದಿದ್ದರೆ ಮೂರು ಅಂಗಡಿ ಅಲೆದು ತರುತ್ತಿದ್ದರೇ ಹೊರತು ಆ ಪದವನ್ನೇ ಬದಲಾಯಿಸುತ್ತಿರಲಿಲ್ಲ. ನನ್ನ ಕಾಲಕ್ಕೆ ಡಿಟಿಪಿ ಬಂತು, ಆಫ್‌ಸೆಟ್ ಬಂತು. ರಾಜ್ಯೋತ್ಸವದ ಕರಪತ್ರ, ಸಂಘಗಳ ರಸೀದಿ ಪುಸ್ತಕ, ಚಳವಳಿಯ ಪೋಸ್ಟರು, ಎಲ್ಲ ಹೊಡೆದಿದ್ದೇನೆ.

ಜೊತೆಗೆ ಇನ್ನೊಂದು ಕೆಲಸವೂ ಇಪ್ಪತ್ತು ವರ್ಷದಿಂದ ಬರುತ್ತಿದೆ. ಚಿತ್ರಪ್ರದರ್ಶನದ ಆಹ್ವಾನಪತ್ರಿಕೆ, ಕ್ಯಾಟಲಾಗು. ಒಳ್ಳೆಯ ಕೆಲಸ. ಆರ್ಟ್ ಕಾರ್ಡು, ನಾಲ್ಕು ಬಣ್ಣ, ಒಂದು ಕಡೆ ಚಿತ್ರ, ಹಿಂದುಗಡೆ ಅಕ್ಷರ. ಚಿತ್ರದ ಬಣ್ಣ ಕೂಲಿಗೆ ತಕ್ಕಂತೆ ಅಲ್ಲ, ಕಣ್ಣಿಗೆ ತಕ್ಕಂತೆ ಬರಬೇಕು ಅಂತ ರಾತ್ರಿ ಹನ್ನೊಂದರವರೆಗೆ ಮೆಷಿನ್ ಪಕ್ಕ ನಿಂತಿದ್ದೇನೆ. ಹೀಗೆ ನಿಂತು ನಿಂತು ನಾಲ್ಕು ಚಿತ್ರ ನೋಡುವುದನ್ನು ಕಲಿತೆ.

ಈ ಇಪ್ಪತ್ತು ವರ್ಷದಲ್ಲಿ ನಾನು ಹೊಡೆದ ಕಾರ್ಡುಗಳಲ್ಲಿ ಕನ್ನಡ ಇದ್ದದ್ದು ಎಷ್ಟು? ಎರಡು ಕೈಯ ಬೆರಳು ಸಾಕು, ಮಿಕ್ಕೂ ಬೆರಳು ಉಳಿಯುತ್ತದೆ. ಕಲಾವಿದ ಬೀದರಿನವನು, ಹೆಸರು ಅಪ್ಪಟ ಕನ್ನಡದ್ದು, ಚಿತ್ರದಲ್ಲಿರುವುದು ನಮ್ಮೂರಿನ ಕೋಣ, ನಮ್ಮೂರಿನ ಕೆರೆ. ಅಕ್ಷರ ಮಾತ್ರ ಇಂಗ್ಲಿಷು. ನಾನು ಬಾಯಿ ಬಿಡಲಿಲ್ಲ. ಗಿರಾಕಿ ತಂದದ್ದನ್ನು ಹೊಡೆದೆ, ಬಿಲ್ಲು ತೆಗೆದುಕೊಂಡೆ. ಸಂಜೆ ಹೊತ್ತು ಕನ್ನಡ ಸಂಘದ ಸಭೆಯಲ್ಲಿ ಕೂತು "ಕನ್ನಡಕ್ಕೆ ಸ್ಥಾನವಿಲ್ಲ" ಅಂತ ಮೇಜು ಕುಟ್ಟಿದೆ. ಊರಿಗೆಲ್ಲಾ ಉಪದೇಶ, ಮನೆಯೊಳಗೆ ಕತ್ತಲೆ!

ಅಪ್ಪ ಕೇಳಿದ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಬಂದ. ರಾಯಚೂರು ಕಡೆಯವನು. ಬೆಂಗಳೂರಿನಲ್ಲಿ ಅವನ ಮೊದಲ ಪ್ರದರ್ಶನ. ಸಾಲ ಮಾಡಿ ಹಾಲು ಬಾಡಿಗೆಗೆ ಹಿಡಿದಿದ್ದ. ಯಾರೋ ದೊಡ್ಡವರು ಬರೆದುಕೊಟ್ಟ ಒಂದು ಪುಟದ ಇಂಗ್ಲಿಷ್ ಬರಹವನ್ನು ಪೆನ್‌ಡ್ರೈವಿನಲ್ಲಿ ತಂದಿದ್ದ. ನಾನು ಪ್ರೂಫು ತೆಗೆದು ಓದಿದೆ. ಪದಗಳು ಓದಲು ಬಂದವು, ಅರ್ಥ ಮಾತ್ರ ಕೈಗೆ ಸಿಗಲಿಲ್ಲ. ಒಂದು ವಾಕ್ಯ ಐದು ಸಾಲು! ನನಗೆ ಇಂಗ್ಲಿಷ್ ಸಾಲದು ಅಂದುಕೊಂಡು ಅವನನ್ನೇ ಕೇಳಿದೆ: "ಏನಪ್ಪಾ ಇದು? ನಿನ್ನ ಚಿತ್ರದಲ್ಲಿ ಇರೋದು ಏನು?"

ಅವನು ಕನ್ನಡದಲ್ಲಿ ಹೇಳಿದ. ಅವರ ಊರಿನಲ್ಲಿ ಬೇಸಿಗೆ ಬಂತೆಂದರೆ ಮನೆಗಳ ಬಾಗಿಲಿಗೆ ಬೀಗ ಬೀಳುತ್ತದಂತೆ. ಜನ ಗುಳೆ ಹೋಗುತ್ತಾರೆ. ಹೋಗುವಾಗ ಬಾಗಿಲಿಗೆ ಮುಳ್ಳಿನ ಕಂಟಿ ಕಟ್ಟುತ್ತಾರೆ, ನಾಯಿ ಹಂದಿ ಒಳಗೆ ನುಗ್ಗದಿರಲಿ ಅಂತ. ಇವನು ಸಣ್ಣವನಿದ್ದಾಗ ಹೈಸ್ಕೂಲು ತಪ್ಪದಿರಲಿ ಅಂತ ಇವನೊಬ್ಬನನ್ನು ಅಜ್ಜಿಯ ಹತ್ತಿರ ಬಿಟ್ಟು ಅಪ್ಪ ಅಮ್ಮ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದಿದ್ದರು. ಇವನು ಬೀದಿ ತುಂಬ ಮುಚ್ಚಿದ ಬಾಗಿಲುಗಳನ್ನು ನೋಡುತ್ತ ಸ್ಕೂಲಿಗೆ ಹೋಗುತ್ತಿದ್ದ. ಚಿತ್ರದಲ್ಲಿ ಇದ್ದದ್ದು ಆ ಬಾಗಿಲುಗಳೇ. ಒಂದೊಂದು ಬಾಗಿಲಿಗೆ ಒಂದೊಂದು ಬಣ್ಣ. ಹತ್ತು ನಿಮಿಷ ಹೇಳಿದ. ನನ್ನ ಮೆಷಿನ್ ಹುಡುಗ ಕೆಲಸ ನಿಲ್ಲಿಸಿ ಕೇಳುತ್ತ ನಿಂತುಬಿಟ್ಟ.

"ಇದನ್ನೇ ಬರಿ ಮಾರಾಯಾ, ಕನ್ನಡದಲ್ಲೇ ಹಾಕೋಣ" ಅಂದೆ.

"ಬ್ಯಾಡ್ರಿ ಅಣ್ಣಾರ. ಕನ್ನಡದಾಗ ಹಾಕಿದ್ರ ಹಳ್ಳ್ಯಾಂವ ಅಂತ ತಿಳ್ಕೋತಾರ. ತೊಗೊಳ್ಳೋರು ಕಾರ್ಡ್ ನೋಡೇ ಬರೂದಿಲ್ರಿ" ಅಂದ.

ನಾನು ವಾದ ಮಾಡಲಿಲ್ಲ. ಅವನ ಹೊಟ್ಟೆಪಾಡು ಅವನದು. ಇಂಗ್ಲಿಷಿನಲ್ಲೇ ಹೊಡೆದೆ. ಬಣ್ಣ ಚೆನ್ನಾಗಿ ಬಂತು.

ಉದ್ಘಾಟನೆಯ ದಿನ ಕ್ಯಾಟಲಾಗಿನ ಕಟ್ಟು ಹೊತ್ತುಕೊಂಡು ಗ್ಯಾಲರಿಗೆ ಹೋದೆ. ಯಾವ ಗ್ಯಾಲರಿ ಅಂತ ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಎಲ್ಲಿ ಬೇಕಾದರೂ ನಡೆಯಬಹುದಾದದ್ದೇ ಅದು. ಒಳಗೆ ದೀಪ ಹಚ್ಚುವುದು, ಭಾಷಣ, ಕಾಫಿ. ಎಲ್ಲ ಇಂಗ್ಲಿಷು. ಹೊರಗೆ ಮೆಟ್ಟಿಲ ಹತ್ತಿರ ಒಬ್ಬ ವಯಸ್ಸಾದವರು, ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ನಾನು ಹೊಡೆದ ಕಾರ್ಡು. ಪಕ್ಕದಲ್ಲಿ ಅವರ ಹೆಂಡತಿ. ಹುಡುಗನ ತಂದೆ ತಾಯಿ. ರಾತ್ರಿಯಿಡೀ ಬಸ್ಸಿನಲ್ಲಿ ಬಂದಿದ್ದರು. ನನ್ನ ಕೈಯಲ್ಲಿ ಅದೇ ಕಾಗದದ ಕಟ್ಟು ನೋಡಿ, ನಾನು ಮೆಷಿನ್ ಹುಡುಗನ ಜೊತೆ ಕನ್ನಡ ಮಾತಾಡಿದ್ದು ಕೇಳಿ, ಹತ್ತಿರ ಬಂದು ಕೇಳಿದರು:

"ಯಪ್ಪಾ, ಇದರಾಗ ನಮ್ಮ ಹುಡುಗನ ಬಗ್ಗೆ ಏನು ಬರದಾರ? ಒಂದೀಟು ಓದಿ ಹೇಳ್ರಿ."

ನನಗೆ ಹೇಳಲು ಬರಲಿಲ್ಲ, ಗೆಳೆಯರೇ. ಅಕ್ಷರ ಅಕ್ಷರ ಪ್ರೂಫು ನೋಡಿದವನು ನಾನು. ಐನೂರು ಪ್ರತಿ ಹೊಡೆದವನು ನಾನು. ನನ್ನ ಕೈಯಿಂದಲೇ ಹೊರಬಂದ ಕಾಗದದಲ್ಲಿ ಏನಿದೆ ಅಂತ ಆ ತಂದೆಗೆ ಹೇಳಲು ನನ್ನಿಂದ ಆಗಲಿಲ್ಲ. "ಒಳ್ಳೇದು ಬರೆದಿದಾರೆ" ಅಂದೆ. ಅವರಿಗೆ ಅಷ್ಟೇ ಸಾಕಾಯಿತು. ನನಗೆ ಸಾಕಾಗಲಿಲ್ಲ.

ಆ ಬಾಗಿಲುಗಳಲ್ಲಿ ಒಂದು ಅವರ ಮನೆಯದೇ. ಅವರು ಕಟ್ಟಿದ ಮುಳ್ಳಿನ ಕಂಟಿಯೇ ಅದು. ಅವರ ಬದುಕಿನ ಚಿತ್ರಕ್ಕೆ ಅವರಿಗೇ ಅರ್ಥವಾಗದ ಅಕ್ಷರ! ಇದು ಭಾಷೆಯ ಪ್ರಶ್ನೆ ಅಲ್ಲದಿದ್ದರೆ ಇನ್ಯಾವುದು ಭಾಷೆಯ ಪ್ರಶ್ನೆ?

ಇದು ಪರರ ಮನೆಯಲ್ಲ

"ಈ ಗ್ಯಾಲರಿ, ಮಾಡರ್ನ್ ಆರ್ಟು, ಇವೆಲ್ಲ ನಮ್ಮದಲ್ಲ" ಎನ್ನುವ ಗೆಳೆಯರು ಸ್ವಲ್ಪ ಚರಿತ್ರೆ ಓದಬೇಕು.

ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು ಕಲಾಮಂದಿರ ಕಟ್ಟಿದ್ದು 1919ರಲ್ಲಿ. ಹೆಸರು ನೋಡಿ, ಕಲಾಮಂದಿರ. ಚಿತ್ರಕಲಾ ಪರಿಷತ್ತು ಹುಟ್ಟಿದ್ದು 1960ರಲ್ಲಿ, ಎಂ.ಎಸ್. ನಂಜುಂಡರಾಯರಂಥವರ ದುಡಿಮೆಯಿಂದ. ಬಾದಾಮಿಯ ಆರ್.ಎಂ. ಹಡಪದ್ ಮೇಷ್ಟ್ರು 1968ರಲ್ಲಿ ಕೆನ್ ಕಲಾಶಾಲೆ ತೆರೆದರು. 2003ರಲ್ಲಿ ತೀರಿಕೊಳ್ಳುವವರೆಗೆ ಅವರು ತಯಾರು ಮಾಡಿದ ಶಿಷ್ಯರು ಎಷ್ಟೋ.

ಕೆ. ವೆಂಕಟಪ್ಪ ಯಾರು? ಮೈಸೂರಿನ ಚಿತ್ರಗಾರರ ಮನೆತನದ ಕುಡಿ. ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಕೈಕೆಳಗೆ ಕಲಿತರು. ಊಟಿ, ಕೊಡೈಕೆನಾಲ್ ಬೆಟ್ಟಗಳ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ಹಿಡಿದರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. 1965ರಲ್ಲಿ ತೀರಿಕೊಂಡರು. ಆಮೇಲೆ ಅವರ ಹೆಸರಿನಲ್ಲಿ ಎದ್ದ ಸರ್ಕಾರಿ ಚಿತ್ರಶಾಲೆಯೇ ಕಸ್ತೂರಬಾ ರಸ್ತೆಯದು. ಅದರ ಗೋಡೆಯ ಮೇಲೆ ಕೃತಿ ತೂಗುಹಾಕಿದ ಕೆ.ಕೆ. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯವರು. ಇವರೆಲ್ಲ ಎಲ್ಲಿಂದ ಬಂದರು, ಲಂಡನ್ನಿನಿಂದಲೇ?

ಇನ್ನೂ ಕೇಳಿ. ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ಬೀದಿಗಿಳಿದ ಮೊದಲಿಗರಲ್ಲಿ ಅನಕೃ ಒಬ್ಬರು. ಅವರ ಹೆಸರು ಹೇಳದೆ ನಮ್ಮ ಯಾವ ಭಾಷಣವೂ ಮುಗಿಯುವುದಿಲ್ಲ. ಆ ಅನಕೃ ರಾಜಾ ರವಿವರ್ಮನ ಮೇಲೆ ಕನ್ನಡದಲ್ಲಿ ಪುಸ್ತಕ ಬರೆದವರು. ಅವರ 'ಉದಯರಾಗ' ಕಾದಂಬರಿಯ ನಾಯಕ ಚಿತ್ರಕಲಾವಿದ. ಶಿವರಾಮ ಕಾರಂತರು 1930ರಲ್ಲೇ ಭಾರತೀಯ ಚಿತ್ರಕಲೆಯ ಬಗ್ಗೆ ಕನ್ನಡದಲ್ಲಿ ಪುಸ್ತಕ ತಂದರು. ನಮ್ಮ ಹೆಗಲ ಮೇಲಿನ ಅರಿಶಿನ ಕುಂಕುಮದ ಬಾವುಟ ಇದೆಯಲ್ಲ, ಅದನ್ನು ರೂಪಿಸಿದ ಮ. ರಾಮಮೂರ್ತಿಯವರು ಎರಡು ಬಣ್ಣವನ್ನು ಎಲ್ಲಿ ಹೇಗೆ ಇಡಬೇಕು ಅಂತ ಕೂತು ಯೋಚಿಸಿದ್ದರಿಂದಲೇ ಇವತ್ತು ದೂರದಿಂದ ನೋಡಿದರೂ ಅದು ನಮ್ಮದು ಅಂತ ಗೊತ್ತಾಗುತ್ತದೆ. ಬಣ್ಣದ ಶಕ್ತಿ ತಿಳಿದೇ ನಮ್ಮ ಹಿರಿಯರು ಚಳವಳಿ ಕಟ್ಟಿದರು. ಅವರ ಬಾವುಟ ಮಾತ್ರ ನಮಗೆ ಬೇಕಾಯಿತು, ಅವರ ಕಣ್ಣು ಬೇಡವಾಯಿತು.

2016ರಲ್ಲಿ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಉಸ್ತುವಾರಿಗೆ ಕೊಡುವ ಸರ್ಕಾರದ ಒಪ್ಪಂದದ ವಿರುದ್ಧ ಕಲಾವಿದರು ಬೀದಿಗಿಳಿದರು. ಸಾರ್ವಜನಿಕರ ಜಾಗ ಸಾರ್ವಜನಿಕರದ್ದಾಗಿಯೇ ಉಳಿಯಲಿ ಅಂತ ಕೂಗಿದರು. ಅದು ನೆಲದ ಪ್ರಶ್ನೆ, ನಮ್ಮ ಪ್ರಶ್ನೆ. ನಾನು ಹೋಗಲಿಲ್ಲ. "ಅದು ಆರ್ಟಿಸ್ಟರ ಜಗಳ" ಅಂತ ಪೇಪರು ಮಡಿಸಿಟ್ಟೆ. ನಾವು ಅವರ ಪಕ್ಕ ನಿಲ್ಲದಿದ್ದರೆ, ಅವರು ನಮ್ಮ ಭಾಷೆಯ ಪಕ್ಕ ಯಾಕೆ ನಿಲ್ಲಬೇಕು?

ಬಂಪರಿಗೆ ಕಟ್ಟಿದ ಕೂದಲ ಹಗ್ಗ

"ಹೋದರೂ ಅರ್ಥವಾಗಲ್ಲ ಬಿಡಿ" ಎನ್ನುತ್ತೀರಿ. ಒಂದು ಉದಾಹರಣೆ ಕೊಡುತ್ತೇನೆ.

ನಮ್ಮ ಲಾರಿಯವರು, ಟೆಂಪೋದವರು, ಕಾರಿನವರು ದೃಷ್ಟಿಯಾಗದಿರಲಿ ಅಂತ ಬಂಪರಿಗೆ ಕೂದಲಿನ ಕರಿ ಹಗ್ಗ ಕಟ್ಟುತ್ತಾರಲ್ಲ, ದಿನಾ ಸಿಗ್ನಲ್ಲಿನಲ್ಲಿ ನೋಡುತ್ತೀರಿ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ, ಬೆಂಗಳೂರಿನಲ್ಲಿ ಹಡಪದ್ ಮೇಷ್ಟ್ರ ಕೈಯಲ್ಲಿ ಕಲಿತ ಶೀಲಾ ಗೌಡ ಎಂಬ ಕಲಾವಿದೆ ಅದನ್ನು ನೋಡಿದರು. ದೇವಸ್ಥಾನಗಳಲ್ಲಿ ಜನ ಹರಕೆ ಕೊಟ್ಟ ಮುಡಿಯ ಕೂದಲಿನಿಂದ ಹೊಸೆದ ಸಾವಿರಾರು ಮೀಟರ್ ಹಗ್ಗ, ಅದರಿಂದ ತೂಗುಬಿಟ್ಟ ಉಕ್ಕಿನ ಕಾರ್ ಬಂಪರುಗಳು. 2009ರಲ್ಲಿ ಅದು ವೆನಿಸ್ಸಿನ ಜಾಗತಿಕ ಪ್ರದರ್ಶನದಲ್ಲಿ ನಿಂತಿತು. ಇವತ್ತು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಸಗಣಿ, ಕುಂಕುಮ, ಸೂಜಿ, ದಾರ, ಊದುಬತ್ತಿ, ಇವೇ ಆಕೆಯ ಸಾಮಾನು. ನಮ್ಮ ಅಮ್ಮಂದಿರ ಮನೆಯ ಸಾಮಾನು!

ಉಕ್ಕು ಗಟ್ಟಿಯೋ ಕೂದಲು ಗಟ್ಟಿಯೋ? ಅಷ್ಟು ದೊಡ್ಡ ಗಾಡಿ ಇಟ್ಟುಕೊಂಡವನು ಒಂದು ಎಳೆ ಕೂದಲಿನ ಮೇಲೆ ಯಾಕೆ ನಂಬಿಕೆ ಇಡುತ್ತಾನೆ? ಇದು ನಮ್ಮ ಟೆಂಪೋ ಡ್ರೈವರಿಗೆ ಅರ್ಥವಾಗದ ಪ್ರಶ್ನೆಯೇ? ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಅರ್ಥವಾದೀತು? ಅಲ್ಲಿ ಲಂಡನ್ನಿನವನಿಗೆ ಅವನ ಭಾಷೆಯಲ್ಲಿ ವಿವರಣೆ ಸಿಗುತ್ತದೆ. ಅವನು ಓದಿ ತಲೆದೂಗುತ್ತಾನೆ. ಬಂಪರಿಗೆ ಹಗ್ಗ ಕಟ್ಟಿದ ನಮ್ಮವನಿಗೆ ಇಂಥದೊಂದು ಇದೆ ಅಂತಲೇ ಗೊತ್ತಿಲ್ಲ.

ಮೈಸೂರಿನ ಎನ್.ಎಸ್. ಹರ್ಷ ನಮ್ಮ ಪಂಕ್ತಿ ಊಟದಂತೆ ಸಾಲು ಸಾಲು ಜನರನ್ನು ಬರೆಯುತ್ತಾರೆ. ಅವರ ಕೃತಿಗಳ ದೊಡ್ಡ ಪ್ರದರ್ಶನ 2017ರಲ್ಲಿ ಟೋಕಿಯೋದ ಮೋರಿ ಮ್ಯೂಸಿಯಂನಲ್ಲಿ ನಡೆಯಿತು. ಬೆಂಗಳೂರಿನ ಪುಷ್ಪಮಾಲಾ ಎನ್. ತಾವೇ ವೇಷ ಹಾಕಿಕೊಂಡು ಕ್ಯಾಮರಾ ಮುಂದೆ ನಿಂತರು. ರವಿವರ್ಮನ ಲಕ್ಷ್ಮಿಯೂ ಅವರೇ, ಹಳೇ ಸಿನಿಮಾ ನಾಯಕಿಯೂ ಅವರೇ. ಕ್ಯಾಲೆಂಡರ್ ನೋಡಿ ಬೆಳೆದ ಯಾರಿಗಾದರೂ ಅದು ತಟ್ಟುತ್ತದೆ. ತಡೆಗೋಡೆ ಇರುವುದು ಚಿತ್ರದಲ್ಲಲ್ಲ. ಚಿತ್ರದ ಪಕ್ಕ ಅಂಟಿಸಿದ ಅಂಗೈಯಗಲದ ಚೀಟಿಯಲ್ಲಿ.

ಮೂರು ನೆಪಗಳು

ಕನ್ನಡ ಹಾಕಿ ಅಂದರೆ ನನಗೆ ಸಿಗುವ ಉತ್ತರ ಮೂರು. ಪ್ರೆಸ್ಸಿನವನಾಗಿ ಒಂದೊಂದಕ್ಕೂ ಜವಾಬು ಕೊಡುತ್ತೇನೆ.

ಒಂದು: "ಖರ್ಚು ಜಾಸ್ತಿ." ಸುಳ್ಳು! ಕಾರ್ಡಿನ ಹಿಂಬದಿಯ ಅಕ್ಷರಕ್ಕೆ ಕಪ್ಪು ಪ್ಲೇಟು ಒಂದೇ. ಅದರ ಮೇಲೆ ಐದು ಸಾಲಿದ್ದರೂ ಅಷ್ಟೇ ದುಡ್ಡು, ಹದಿನೈದು ಸಾಲಿದ್ದರೂ ಅಷ್ಟೇ ದುಡ್ಡು. ಕಾಗದ ಅದೇ, ಮಸಿ ಅದೇ, ಕೂಲಿ ಅದೇ. ಕ್ಯಾಟಲಾಗಿಗೆ ನಾಲ್ಕು ಪುಟ ಹೆಚ್ಚಾಗಬಹುದು, ಒಪ್ಪುತ್ತೇನೆ. ಉದ್ಘಾಟನೆಯ ಹೂಗುಚ್ಛ ಎರಡು ಕಡಿಮೆ ಮಾಡಿ, ಸರಿಹೋಗುತ್ತದೆ.

ಎರಡು: "ಕನ್ನಡ ಫಾಂಟು ಒಡೆಯುತ್ತದೆ." ಒಂದು ಕಾಲದಲ್ಲಿ ಇದು ನಿಜವಾಗಿತ್ತು. ಡಿಸೈನ್ ಮಾಡುವ ಸಾಫ್ಟ್‌ವೇರಿಗೆ ಕನ್ನಡ ಸುರಿದರೆ ಒತ್ತಕ್ಷರ ಎಲ್ಲೋ, ಮೂಲಾಕ್ಷರ ಎಲ್ಲೋ. ಈಗ ಯೂನಿಕೋಡ್ ಇದೆ, ಕನ್ನಡವನ್ನು ಸರಿಯಾಗಿ ಕೂಡಿಸುವ ಸಾಫ್ಟ್‌ವೇರೂ ಇದೆ. ಸೆಟ್ಟಿಂಗ್ ಗೊತ್ತಿಲ್ಲದ ಡಿಸೈನರ್ ತನ್ನ ಅಜ್ಞಾನವನ್ನು ಕನ್ನಡದ ತಲೆಗೆ ಕಟ್ಟುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಮೂರು: "ಕೊಳ್ಳುವವರು, ನೋಡುವವರು ಕನ್ನಡ ಓದುವುದಿಲ್ಲ." ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಇದು ಅಪಾಯದ ಮಾತು. ಹಣವುಳ್ಳ ಕೊಳ್ಳುವವನು ಇಂಗ್ಲಿಷ್ ಓದುತ್ತಾನೆ, ಸರಿ. ಇಂಗ್ಲಿಷ್ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಕೇರಳದ, ಬಂಗಾಳದ, ಮಣಿಪುರದ ಕಲಾವಿದರು ನಮ್ಮ ಊರಿಗೆ ಬಂದು ಪ್ರದರ್ಶನ ಮಾಡಲಿ, ನಮಗೆ ಹೆಮ್ಮೆ. ಆದರೆ ಕನ್ನಡ ಓದುವವನು ಬರುವುದಿಲ್ಲ ಅಂತ ಕನ್ನಡ ಹಾಕುವುದಿಲ್ಲ, ಕನ್ನಡ ಹಾಕುವುದಿಲ್ಲ ಅಂತ ಕನ್ನಡ ಓದುವವನು ಬರುವುದಿಲ್ಲ. ಈ ಗಾಣ ಎಷ್ಟು ದಿನ ತಿರುಗಬೇಕು?

ಈ ಗಾಣವನ್ನು ಮುರಿದ ಪುರಾವೆಯೂ ನಮ್ಮ ಕಣ್ಣೆದುರಿಗೇ ಇದೆ. ಎರಡು ದಶಕಗಳಿಂದ ಚಿತ್ರಕಲಾ ಪರಿಷತ್ತು ನಡೆಸುತ್ತಿರುವ ಚಿತ್ರಸಂತೆಯನ್ನು ನೋಡಿ. ಕುಮಾರಕೃಪಾ ರಸ್ತೆ ಜನರಿಂದ ತುಂಬಿಹೋಗುತ್ತದೆ. ಅಜ್ಜಿಯರು, ಮಕ್ಕಳು, ಚುರುಮುರಿ ಕೈಯಲ್ಲಿ ಹಿಡಿದ ಹುಡುಗರು. ಯಾಕೆ? ಅಲ್ಲಿರುವುದೂ ಚಿತ್ರವೇ ತಾನೆ? 'ಸಂತೆ' ಅಂದರು ನೋಡಿ, ಆ ಒಂದು ಪದ ಎಲ್ಲರ ಹೆದರಿಕೆಯನ್ನೂ ಓಡಿಸಿತು. ಸಂತೆಗೆ ಹೋಗಲು ಯಾರಿಗೆ ಭಯ? ವರ್ಷಕ್ಕೊಂದು ದಿನ ರಸ್ತೆಯಲ್ಲಿ ಆಗುವುದು, ವರ್ಷವಿಡೀ ಗೋಡೆಯೊಳಗೆ ಯಾಕೆ ಆಗಬಾರದು?

ಮಸಿ ಬೇರೆ ಕೆಲಸಕ್ಕೆ ಇದೆ

ಈ ಮಾತನ್ನು ನಮ್ಮ ಸಭೆಯೊಂದರಲ್ಲಿ ಹೇಳಿದಾಗ ಬಿಸಿರಕ್ತದ ಗೆಳೆಯರೊಬ್ಬರು ಎದ್ದು ನಿಂತು, "ಹಾಗಾದರೆ ನಾಳೆಯೇ ನುಗ್ಗೋಣ, ಮಸಿ ಬಳಿಯೋಣ" ಅಂದರು. ಚಪ್ಪಾಳೆಯೂ ಬಿತ್ತು. ನಾನು ಬೇಡ ಅಂದೆ. ಇಲ್ಲೂ ಅದನ್ನೇ ಹೇಳುತ್ತೇನೆ.

ಮಸಿ ನನ್ನ ಕಸುಬು. ಅದರ ಬೆಲೆ ನನಗೆ ಗೊತ್ತು. ಚಿತ್ರದ ಗೋಡೆಗೆ ಮಸಿ ಬಳಿದರೆ ಯಾರಿಗೆ ಲಾಭ? ಸಾಲ ಮಾಡಿ ಹಾಲು ಹಿಡಿದ ರಾಯಚೂರಿನ ಹುಡುಗನ ಹೊಟ್ಟೆಯ ಮೇಲೆ ಹೊಡೆದಂತೆ, ಅಷ್ಟೇ. "ನೋಡಿ, ಕನ್ನಡದವರು ಅಂದರೆ ಇಷ್ಟೇ" ಅಂತ ಹೇಳಲು ಕಾಯುತ್ತಿರುವವರಿಗೆ ನಾವೇ ಸಾಕ್ಷಿ ಒದಗಿಸಿದಂತೆ. ಬಾಗಿಲ ಮೇಲಿನ ಬೋರ್ಡಿಗೆ ಕಾನೂನು ಬಂದಿದೆ, ಶೇಕಡಾ 60ರಷ್ಟು ಕನ್ನಡ ಅಂತ 2024ರಲ್ಲಿ ಕಟ್ಟಳೆಯಾಯಿತು. ಅದಕ್ಕೆ ಹೋರಾಟ ಬೇಕಿತ್ತು, ಮಾಡಿದೆವು. ಒಳಗಿನ ಚೀಟಿಗೆ ಬೇಕಾದದ್ದು ಹಾಜರಿ. ಬೋರ್ಡನ್ನು ಹೊರಗೆ ನಿಂತು ಬದಲಾಯಿಸಬಹುದು. ಚೀಟಿಯನ್ನು ಒಳಗೆ ಹೋದವನು ಮಾತ್ರ ಬದಲಾಯಿಸಬಲ್ಲ.

ಇನ್ನೊಂದು ಮಾತು, ನಮಗೇ ಕಹಿಯಾದದ್ದು. ಬ್ಯಾನರ್ ಬರೆಯುವ ಕಲಾವಿದರು ನೆನಪಿದ್ದಾರೆಯೇ? ರಾಜ್ಯೋತ್ಸವ ಬಂತೆಂದರೆ ಬಟ್ಟೆಯ ಮೇಲೆ ಭುವನೇಶ್ವರಿಯನ್ನು, ಕುವೆಂಪು ಬೇಂದ್ರೆಯರನ್ನು ಕುಂಚದಲ್ಲಿ ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರನ್ನು ಬೀದಿಗೆ ತಳ್ಳಿದ್ದು ಯಾವ ಇಂಗ್ಲಿಷಿನವನೂ ಅಲ್ಲ. ಅಗ್ಗವಾಯಿತು ಅಂತ ಫ್ಲೆಕ್ಸ್ ಹಾಕಿಸಿದವರು ನಾವು, ಹಾಕಿಕೊಟ್ಟವರು ನನ್ನಂಥವರು. ಕನ್ನಡ ಅಕ್ಷರವನ್ನು ಸುಂದರವಾಗಿ ಬರೆಯಬಲ್ಲ ಕೈಗಳನ್ನು ಕಳೆದುಕೊಂಡದ್ದು ನಮ್ಮ ಕೈಯಾರೆ. ಲೆಕ್ಕ ಬರೆಯುವಾಗ ಇದನ್ನೂ ಬರೆಯೋಣ.

ಏನು ಮಾಡಬೇಕು?

ಸಾರ್ವಜನಿಕ ಗ್ಯಾಲರಿಗಳಿಗೆ ನಮ್ಮ ಬೇಡಿಕೆ ಸರಳ:

1. ಆಹ್ವಾನಪತ್ರಿಕೆ, ಕ್ಯಾಟಲಾಗು, ಚಿತ್ರದ ಪಕ್ಕದ ಚೀಟಿ, ಮೂರರಲ್ಲೂ ಕನ್ನಡ ಇರಲಿ. ಇಂಗ್ಲಿಷಿನ ಪಕ್ಕದಲ್ಲಿ, ಅದೇ ಗಾತ್ರದಲ್ಲಿ, ಕಾಲಡಿಯಲ್ಲಿ ಇರುವೆಯ ಸಾಲಿನಂತಲ್ಲ.

2. ಹಾಲು ಬಾಡಿಗೆಗೆ ಕೊಡುವ ಕರಾರಿನಲ್ಲೇ ಇದನ್ನು ಬರೆಯಲಿ. ಹೊರಗಿನ ಕಲಾವಿದರಿಗೆ ಕನ್ನಡಕ್ಕೆ ಅನುವಾದ ಮಾಡಿಕೊಡುವ ಹೊಣೆಯನ್ನು ಗ್ಯಾಲರಿಯೇ ಹೊರಲಿ.

3. ಪ್ರತಿ ಭಾನುವಾರ ಒಂದು ಗಂಟೆ, ಕನ್ನಡದಲ್ಲಿ ಚಿತ್ರ ತೋರಿಸಿ ವಿವರಿಸುವವರು ಇರಲಿ. ಕಲಾಶಾಲೆಗಳ ವಿದ್ಯಾರ್ಥಿಗಳು ಸಂತೋಷದಿಂದ ಮಾಡುತ್ತಾರೆ.

4. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ಮಕ್ಕಳನ್ನು ಕರೆದು ತೋರಿಸಲಿ.

ಕಲಾವಿದ ಗೆಳೆಯರಿಗೆ ಒಂದೇ ವಿನಂತಿ. ನೀವು ಪ್ರೆಸ್ಸಿನಲ್ಲಿ ನಿಂತು ಬಾಯಿಮಾತಿನಲ್ಲಿ ಹೇಳುತ್ತೀರಲ್ಲ, ಅದನ್ನೇ ಬರೆಯಿರಿ. ಯಾರೋ ಬರೆದುಕೊಟ್ಟ ಐದು ಸಾಲಿನ ವಾಕ್ಯಕ್ಕಿಂತ ನಿಮ್ಮ "ಬಾಗಿಲಿಗೆ ಮುಳ್ಳಿನ ಕಂಟಿ ಕಟ್ಟತಾರ್ರಿ" ಎನ್ನುವ ಒಂದು ಮಾತು ಬೆಲೆಯುಳ್ಳದ್ದು.

ಇನ್ನು ನೀವು, ಯುವಮಿತ್ರರೇ. ತಿಂಗಳಿಗೊಂದು ಸಲ ಹೋಗಿ. ಚಪ್ಪಲಿಯಲ್ಲೇ ಹೋಗಿ, ಯಾರೂ ಏನೂ ಅನ್ನುವುದಿಲ್ಲ. ಎಲ್ಲ ಚಿತ್ರ ನೋಡಬೇಕಿಲ್ಲ. ಒಂದರ ಮುಂದೆ ಐದು ನಿಮಿಷ ನಿಲ್ಲಿ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅನ್ನಿ, ಅದಕ್ಕೂ ಹಕ್ಕಿದೆ. ಕಲಾವಿದ ಅಲ್ಲೇ ಕೂತಿದ್ದರೆ "ಇದೇನು ಸಾರ್?" ಅಂತ ಕನ್ನಡದಲ್ಲಿ ಕೇಳಿ. ನೋಡಿ ಹೋಗುವವರು ಬರೆಯಲಿ ಅಂತ ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟಿರುತ್ತಾರೆ. ಅದರಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಚಿತ್ರದ ಬಗ್ಗೆ ಒಂದು ಸಾಲು, "ವಿವರ ಕನ್ನಡದಲ್ಲೂ ಇದ್ದಿದ್ದರೆ ಚೆನ್ನಾಗಿತ್ತು" ಅಂತ ಒಂದು ಸಾಲು. ಒಬ್ಬ ಬರೆದರೆ ಯಾರೂ ನೋಡುವುದಿಲ್ಲ. ಒಂದು ಪ್ರದರ್ಶನದಲ್ಲಿ ನೂರು ಜನ ಬರೆದರೆ ಮುಂದಿನ ಕಾರ್ಡು ಬದಲಾಗುತ್ತದೆ. ಪ್ರೆಸ್ಸಿನವನ ಮಾತು ನಂಬಿ.

ಬರೀ ನಿಮಗೆ ಹೇಳಿ ಕೈ ತೊಳೆದುಕೊಳ್ಳುವುದಿಲ್ಲ. ಆ ತಂದೆಯ ಪ್ರಶ್ನೆ ಕೇಳಿದ ಮೇಲೆ ನನ್ನ ಪ್ರೆಸ್ಸಿನಲ್ಲಿ ಒಂದು ನಿಯಮ ಮಾಡಿದ್ದೇನೆ. ಪ್ರದರ್ಶನದ ಕಾರ್ಡು ತಂದವರಿಗೆ ಕನ್ನಡದ ಕಂಪೋಸಿಂಗೂ ಪ್ರೂಫೂ ಪುಕ್ಕಟೆ. ಕನ್ನಡ ಬೇಡವೇ ಬೇಡ ಎನ್ನುವವರಿಗೆ, ಪಕ್ಕದ ಗಲ್ಲಿಯಲ್ಲಿ ಬೇರೆ ಪ್ರೆಸ್ಸಿದೆ ಅಂತ ನಮಸ್ಕಾರ ಹೇಳುತ್ತೇನೆ. ಇಬ್ಬರು ದೊಡ್ಡ ಗಿರಾಕಿಗಳು ಹೋದರು. ಮೆಷಿನ್ನಿನ ಕಂತು ಕಟ್ಟುವಾಗ ಅವರ ನೆನಪಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮೂರು ಜನ ಹುಡುಗರು ಬಂದರು, ಕನ್ನಡ ಹಾಕಿಸಿದರು. ಲೆಕ್ಕ ಸರಿಹೋಗಲು ಸಮಯ ಬೇಕು.

ಆ ರಾಯಚೂರಿನ ಹುಡುಗ ಹೋದ ವರ್ಷ ಮತ್ತೆ ಬಂದಿದ್ದ. ಎರಡನೇ ಪ್ರದರ್ಶನ. ಈ ಸಲ ಪೆನ್‌ಡ್ರೈವಿನ ಜೊತೆ ಒಂದು ಹಾಳೆ ಇತ್ತು, ಅವನದೇ ಕೈಬರಹ, ಕನ್ನಡ. ಕಾಗುಣಿತ ತಪ್ಪಿದ್ದಲ್ಲಿ ತಿದ್ದಿದೆ, ಮಾತು ಮುಟ್ಟಲಿಲ್ಲ. ಎರಡೂ ಭಾಷೆ ಒಂದೇ ಪ್ಲೇಟಿನಲ್ಲಿ ಹೊಡೆದು ಮೊದಲ ಕಾರ್ಡನ್ನು ಅವನ ಕೈಗಿಟ್ಟು ಹೇಳಿದೆ: "ಇದನ್ನ ಊರಿಗೆ ಕಳಿಸು. ಅಪ್ಪನ ವಿಳಾಸಕ್ಕೆ."

ಅವನ ತಂದೆಗೆ ಓದಲು ಬರುವುದಿಲ್ಲ. ಆದರೆ ಆ ಊರಿನಲ್ಲಿ ಕನ್ನಡ ಶಾಲೆ ಇದೆ. ಯಾವ ಹುಡುಗ ಬೇಕಾದರೂ ಅದನ್ನು ಓದಿ ಹೇಳಬಲ್ಲ.

ಬನ್ನಿ, ಈ ಭಾನುವಾರ ಗ್ಯಾಲರಿಯ ಬಾಗಿಲಲ್ಲಿ ಸಿಗೋಣ.

ಸಿರಿಗನ್ನಡಂ ಗೆಲ್ಗೆ!